ಖಾಲಿ ಬಂದ ಪಾತ್ರೆ

ನೆಸ್ತೊರ್ ಮೂರನೇ ಸಲಕ್ಕೆ ಇಂಗ್ಲಿಷ್ ಪರೀಕ್ಷೆ ಪಾಸಾದ ದಿನ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿದರು. ಕುರಾಬಿಲ್ ಊರಿನ ಮಾಂಸದ ಕಾರ್ಖಾನೆಯಲ್ಲಿ ಕುರಿಯ ಎಲುಬಿನಿಂದ ಮಾಂಸ ಬಿಡಿಸುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಆದರೆ "ಹಳ್ಳಿಯ ಬದುಕು ಮೇಲೋ ಪಟ್ಟಣದ ಬದುಕು ಮೇಲೋ, ಇನ್ನೂರೈವತ್ತು ಪದಗಳಲ್ಲಿ ಬರೆಯಿರಿ" ಎಂದರೆ ಆ ಕೈ ಮರಗಟ್ಟಿ ಹೋಗುತ್ತಿತ್ತು. ಮಗಳು ರಿಕಾಮೇ ಎರಡು ವರ್ಷ ಅಪ್ಪನನ್ನು ಅಡುಗೆಮನೆಯ ಮೇಜಿಗೆ ಕೂರಿಸಿ, ಮೇಷ್ಟರು ಗದರಿದ ಹಾಗೆ ಗದರಿ ಬರೆಸಿದ್ದಳು.

"ಸದ್ಯ, ಇನ್ನು ನಿನ್ನ ಬೈಗುಳ ಕೇಳೋದು ತಪ್ತು" ಎಂದ ನೆಸ್ತೊರ್, ಅನ್ನದ ಮೇಲೆ ಬದನೆ, ಹಾಗಲದ ಪಲ್ಯ ಸುರಿದುಕೊಳ್ಳುತ್ತ.

"ಪಾಸಾಗಿದ್ದು ಯಾರಿಂದ ಅಂತ ಮರೀಬೇಡ, ತಾತಾಂಗ್" ಎಂದಳು ರಿಕಾಮೇ. ಅವರ ಇಲೊಕಾನೊ ಮಾತಿನಲ್ಲಿ ತಾತಾಂಗ್ ಎಂದರೆ ಅಪ್ಪ.

ನೆಸ್ತೊರನ ಹೆಂಡತಿ ಮೆರ್ಲಿ ಅವತ್ತು ಮನಸ್ಸು ಬಿಚ್ಚಿ ನಕ್ಕಳು. ಫಿಲಿಪೀನ್ಸ್ ಬಿಟ್ಟು ಆಸ್ಟ್ರೇಲಿಯಾದ ಈ ಒಣ ಊರಿಗೆ ಬಂದು ನಾಲ್ಕು ವರ್ಷವಾಗಿತ್ತು. ಅಷ್ಟೂ ದಿನ ಬದುಕಿದ್ದು ತಾತ್ಕಾಲಿಕ ವೀಸಾದ ಮೇಲೆ. ಸೋಫಾ ಕೊಳ್ಳಬೇಕೆಂದರೂ "ನೋಡೋಣ, ಕಾಗದ ಬರಲಿ" ಎಂಬ ಮಾತು. ಈಗ ಕಾರ್ಖಾನೆಯೇ ನೆಸ್ತೊರನ ಹೆಸರು ಸೂಚಿಸಿ ಕಾಯಂ ವಾಸದ ಅರ್ಜಿ ಹಾಕಬೇಕು. ಹಾಕಲು ಅವರೂ ತಯಾರಿದ್ದರು. ಗಡುವು ಒಂದೇ: ಅರ್ಜಿ ಹೋಗುವ ದಿನ ಅವನಿಗೆ ನಲವತ್ತೈದು ತುಂಬಿರಬಾರದು. ಆಗಸ್ಟ್ ಇಪ್ಪತ್ತಮೂರಕ್ಕೆ ತುಂಬುತ್ತಿತ್ತು. ಇದು ಜುಲೈ ಮೊದಲ ವಾರ.

"ಜಾನೆಟ್ ಮೇಡಂ ಸೋಮವಾರದಿಂದಲೇ ಕಾಗದ ಶುರು ಮಾಡ್ತಾರಂತೆ. ಮೂರು ವಾರ ಸಾಕಂತೆ" ಎಂದ ನೆಸ್ತೊರ್. ಜಾನೆಟ್ ಕಾರ್ಖಾನೆಯ ಸಿಬ್ಬಂದಿ ಕಚೇರಿಯವಳು. ಇಂಥ ಕಾಗದಗಳೆಲ್ಲ ಅವಳ ಮೇಜಿನಿಂದಲೇ ಹೊರಡಬೇಕು.

ಮೇಜಿನ ತುದಿಯಲ್ಲಿ ಕೂತಿದ್ದ ನೆಸ್ತೊರನ ತಾಯಿ ಬಸಿಲಿಯಾ ಅನ್ನ ಕಲಸುವುದನ್ನು ನಿಲ್ಲಿಸಿದಳು. ಮಗನ ಸಂಸಾರ ನೋಡಲು ಮೂರು ತಿಂಗಳ ಮಟ್ಟಿಗೆ ಬಂದಿದ್ದ ಎಪ್ಪತ್ತೆರಡರ ಮುದುಕಿ. ಮಗ ಸೊಸೆಗೆ ಅವಳು ನಾನಾಂಗ್, ಎಂದರೆ ಅಮ್ಮ; ಮೊಮ್ಮಗಳಿಗೆ ಅಪೊಂಗ್, ಅಜ್ಜಿ. ಆ ಬೀದಿಯ ಫಿಲಿಪಿನೊ ಮಂದಿಗೆಲ್ಲ ಅವಳು ಅಪೊಂಗೇ ಆಗಿಹೋಗಿದ್ದಳು.

"ಆಯಮ್ಮನಿಗೆ ಏನು ಕೊಟ್ರಿ?" ಎಂದು ಕೇಳಿದಳು.

"ಇಲ್ಲಿ ಹಾಗೆಲ್ಲ ಕೊಡೋ ಹಾಗಿಲ್ಲ, ನಾನಾಂಗ್. ಅದು ಅವರ ಕೆಲಸ, ಸಂಬಳ ಬರುತ್ತೆ" ಎಂದ ಮಗ.

"ಸಂಬಳ ಕಾರ್ಖಾನೆ ಕೊಡುತ್ತೆ ಕಣೋ. ನೀನು ಏನು ಕೊಟ್ಟೆ?"

"ಇಲೊಕಾನೊ ಜನ ಜಿಪುಣರು ಅಂತಾರಲ್ಲ, ಆ ಹೆಸರು ಉಳಿಸ್ತಿದೀನಿ ಬಿಡು."

ಎಲ್ಲರೂ ನಕ್ಕರು. ಅಪೊಂಗ್ ನಗಲಿಲ್ಲ. ಆ ನಗುವೇ ತಪ್ಪಾಯಿತು ಎಂದು ಮೆರ್ಲಿ ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಕೊಡಬಾರದು ಎಂದರೆ ಯಾಕೆ ಕೊಡಬಾರದು, ಕೊಟ್ಟರೆ ಏನಾಗುತ್ತದೆ, ಇಷ್ಟನ್ನು ಒಬ್ಬರಾದರೂ ಕೂತು ಬಿಡಿಸಿ ಹೇಳಬಹುದಿತ್ತು.

*

ಆ ಭಾನುವಾರ ಮೆರ್ಲಿಗೆ ವೃದ್ಧಾಶ್ರಮದಲ್ಲಿ ಪಾಳಿ. ನೆಸ್ತೊರ್ ಗೆಳೆಯರ ಜೊತೆ ಮೀನು ಹಿಡಿಯಲು ಹೋಗಿದ್ದ. ಅಪೊಂಗ್ ಬೆಳಿಗ್ಗೆಯೇ ಎದ್ದು ಪಾನ್ಸಿತ್ ಮಾಡಿದಳು. ಅಕ್ಕಿ ಶ್ಯಾವಿಗೆಗೆ ಎಲೆಕೋಸು, ಸಿಗಡಿ, ಬೆಳ್ಳುಳ್ಳಿ ಹಾಕಿ ಬಾಡಿಸಿದ್ದು, ಶುಭಕಾರ್ಯಕ್ಕೆಲ್ಲ ಅದೇ. ಮೆರ್ಲಿಯ ದೊಡ್ಡ ಗಾಜಿನ ಪಾತ್ರೆಗೆ ತುಂಬಿ ಮೊಮ್ಮಗಳನ್ನು ಕರೆದಳು.

"ಒಂದು ಚೀಟಿ ಬರೆದುಕೊಡು ಮಗಳೇ, ಇಂಗ್ಲಿಷಲ್ಲಿ. 'ನನ್ನ ಮಗನ ವೀಸಾಕ್ಕಾಗಿ ನಿಮಗೆ ಕೃತಜ್ಞತೆಗಳು. ಇಂತಿ ಅವನ ತಾಯಿ.' ಆಮೇಲೆ ಆಯಮ್ಮನ ಮನೆಗೆ ಒಂದು ಸಲ ಬಿಡು."

ಪಾನ್ಸಿತ್ ತಾನೇ ಎಂದು ರಿಕಾಮೇ ಬರೆದುಕೊಟ್ಟಳು. ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟೂ ಬಂದಳು. ಪಾತ್ರೆಯ ಅಡಿಯಲ್ಲಿ, ಅದೇ ಚೀಲದಲ್ಲಿ, ಅಪೊಂಗ್ ತನ್ನ ಮಗ್ಗದಲ್ಲಿ ಆರು ತಿಂಗಳು ಕೂತು ನೇಯ್ದ ನೀಲಿ ಬಿಳಿ ಹೊದಿಕೆ ಇತ್ತು. ರಿಕಾಮೇಯ ಮದುವೆಗೆಂದು ನೇಯ್ದು, ಊರಿನಿಂದ ಮಡಿಕೆ ಬಿಚ್ಚದೆ ತಂದದ್ದು. ಅದು ಮೊಮ್ಮಗಳಿಗೂ ಗೊತ್ತಿರಲಿಲ್ಲ.

ಮಂಗಳವಾರ ಸಂಜೆ ನೆಸ್ತೊರ್ ಆ ಚೀಲವನ್ನು ಮನೆಗೆ ತಂದ. ಷೂ ಕೂಡ ಬಿಚ್ಚಲಿಲ್ಲ. ಹೊದಿಕೆ, ಚೀಟಿ, ತೊಳೆದ ಗಾಜಿನ ಪಾತ್ರೆ, ಒಂದೊಂದಾಗಿ ಮೇಜಿನ ಮೇಲಿಟ್ಟ.

"ಯಾರು ಕೊಟ್ಟದ್ದು ಇದನ್ನ?"

"ನಾನು" ಎಂದಳು ಅಪೊಂಗ್. "ಯಾಕೆ, ವಾಪಸ್ ಕಳಿಸಿದ್ರಾ?"

"ವಾಪಸ್ ಕಳಿಸಿದ್ರೆ ಪರವಾಗಿರಲಿಲ್ಲ, ನಾನಾಂಗ್! ವೀಸಾ ಕೊಡಿಸೋಕೆ ಏನಾದ್ರೂ ತಗೊಳ್ಳೋದು ಇಲ್ಲಿ ಅಪರಾಧ, ಕೊಡೋದೂ ಅಪರಾಧ. ಬರೀ ಬಟ್ಟೆ ಆಗಿದ್ರೆ ಸುಮ್ಮನೆ ಹಿಂದಕ್ಕೆ ಕೊಡ್ತಿದ್ದೆ ಅಂದ್ರು ಮೇಡಂ. 'ವೀಸಾಕ್ಕಾಗಿ' ಅಂತ ಬರೆದು ಬೇರೆ ಕೊಟ್ಟಿದೀರಿ. ಅವರು ಮೇಲಿನವರಿಗೆ ತಿಳಿಸಲೇಬೇಕಾಯ್ತು. ಅರ್ಜಿ ನಿಂತುಹೋಯ್ತು. ಇಂಗ್ಲಿಷ್ ಬರದ ನಿನಗೆ ಈ ಚೀಟಿ ಯಾರು ಬರೆದುಕೊಟ್ಟರು?"

"ಬರೆದದ್ದು ನಾನು" ಎಂದಳು ರಿಕಾಮೇ. ಅವಳ ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ನೀನಾ? ನನಗೆ ಇಂಗ್ಲಿಷ್ ಕಲಿಸಿದವಳು!"

ರಿಕಾಮೇಗೆ ಆಗ ಹತ್ತೊಂಬತ್ತು. ನರ್ಸಿಂಗ್ ಕಾಲೇಜಿನಲ್ಲಿ ಹೊರದೇಶದವರಿಗೆ ಕೇಳುವ ಶುಲ್ಕದ ಮೂರನೇ ಒಂದು ಪಾಲಷ್ಟೇ ಕಾಯಂ ವಾಸಿಗಳಿಗೆ. ಆ ಒಂದು ಕಾಗದಕ್ಕಾಗಿ ಅವಳು ವರ್ಷದಿಂದ ಸೂಪರ್ ಮಾರ್ಕೆಟ್ಟಿನ ಗಲ್ಲಾದಲ್ಲಿ ನಿಂತು ಕಾಯುತ್ತಿದ್ದಳು. ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡ ಹಾಗಾಗಿತ್ತು.

ಅಪೊಂಗ್ ಹೊದಿಕೆಯನ್ನು ಮುಟ್ಟಲಿಲ್ಲ. ಗಾಜಿನ ಪಾತ್ರೆಯನ್ನು ಎತ್ತಿ ಒಳಗೆ ನೋಡಿದಳು.

"ಖಾಲಿ ಪಾತ್ರೆ ಕಳಿಸಿದ್ದಾಳೆ" ಎಂದಳು. "ಹಗೆಯವರ ಮನೆಯಿಂದ ಪಾತ್ರೆ ಬಂದರೂ ಒಂದು ಹಿಡಿ ಉಪ್ಪಾದರೂ ಹಾಕಿ ಕಳಿಸ್ತಿದ್ವಿ ನಾವು."

"ಮನೆ ಹೊತ್ತಿ ಉರೀತಿದೆ, ನಿನಗೆ ಪಾತ್ರೆಯ ಚಿಂತೆ!" ಎಂದು ನೆಸ್ತೊರ್ ಎದ್ದು ಹೊರಗೆ ಹೋದ.

*

ಮುಂದಿನ ವಾರ ಕಂಪನಿಯ ಸಿಡ್ನಿ ಕಚೇರಿಯಿಂದ ಪತ್ರ ಬಂತು. ಕೊಟ್ಟ ವ್ಯಕ್ತಿ ಹೇಳಿಕೆ ಬರೆದು ಸಹಿ ಮಾಡಬೇಕು, ಅದನ್ನು ವಕೀಲರು ಪರಿಶೀಲಿಸುತ್ತಾರೆ, ಅಲ್ಲಿಯವರೆಗೆ ಅರ್ಜಿ ಮುಂದೆ ಹೋಗುವುದಿಲ್ಲ. ಜೊತೆಗೆ ಒಂದು ಮಾದರಿ ಹೇಳಿಕೆಯನ್ನೂ ಇಟ್ಟಿದ್ದರು. ರಿಕಾಮೇ ಅದನ್ನು ತಮ್ಮ ಭಾಷೆಗೆ ತಿರುಗಿಸಿ ಓದಿದಳು: "ನಾನು ಕೊಟ್ಟ ವಸ್ತುವಿಗೂ ನನ್ನ ಮಗನ ವೀಸಾಕ್ಕೂ ಯಾವ ಸಂಬಂಧವೂ ಇಲ್ಲ."

"ಇಲ್ಲಿ ಒಂದು ಸಹಿ ಹಾಕು ಅಪೊಂಗ್, ಮುಗೀತು."

"ಸಂಬಂಧ ಇಲ್ಲದೆ ಏನು? ವೀಸಾಕ್ಕೆ ಓಡಾಡಿದಾಳೆ ಅಂತಲೇ ಕೊಟ್ಟದ್ದು. ಚೀಟೀಲೂ ಹಾಗೇ ಬರೆಸಿದೀನಿ. ಈಗ ಅಲ್ಲ ಅಂತ ಬರೆದರೆ ಸುಳ್ಳಾಗಲ್ವಾ?"

"ಸುಳ್ಳಲ್ಲ, ಅದು ಪದ್ಧತಿ" ಎಂದ ನೆಸ್ತೊರ್. "ಎಲ್ಲರೂ ಹಾಗೇ ಬರೀತಾರೆ."

"ಎಲ್ಲರೂ ಬರೀಲಿ. ನಾನು ಇವತ್ತಿನವರೆಗೆ ಸುಳ್ಳಿಗೆ ಬೆರಳು ಒತ್ತಿಲ್ಲ."

"ನಿನ್ನ ಸತ್ಯ ಇಟ್ಕೊಂಡು ನಾನು ಏನು ಮಾಡ್ಲಿ? ನಲವತ್ತೈದು ತುಂಬಿದ ಮೇಲೆ ನನ್ನನ್ನ ಯಾರು ಕೇಳ್ತಾರೆ? ನಾಲ್ಕು ವರ್ಷ, ನಾನಾಂಗ್! ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಮಂಜುಗಡ್ಡೆಯಂಥ ಕೋಣೇಲಿ ನಿಂತು ಚಾಕು ಹಿಡಿದಿದೀನಿ. ನನ್ನ ಬೆರಳು ನೋಡು, ಬೆಳಿಗ್ಗೆ ಮಡಚೋಕೇ ಬರಲ್ಲ!"

ಮುದುಕಿ ಮಗನ ಬೆರಳು ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. ಆದರೆ ಸಹಿ ಮಾತ್ರ ಹಾಕಲಿಲ್ಲ.

ಅಲ್ಲಿಂದ ಮನೆಯ ಊಟ ಎರಡು ಪಂಕ್ತಿಯಾಯಿತು. ನೆಸ್ತೊರ್ ಉಂಡೆದ್ದ ಮೇಲೆಯೇ ಅಪೊಂಗ್ ತಟ್ಟೆ ಹಿಡಿಯುತ್ತಿದ್ದಳು. ಒಲೆಯ ಹತ್ತಿರ ಬರುವುದನ್ನು ಬಿಟ್ಟಳು; ನೆಲ ಒರೆಸುವುದು, ಬಟ್ಟೆ ಒಣಹಾಕುವುದು, ಅಂಗಳದಲ್ಲಿ ಚಳಿಗೆ ಮುದುಡಿದ ಬದನೆ ಗಿಡಗಳಿಗೆ ಹಳೇ ಗೋಣಿ ಹೊದಿಸುವುದು, ಇಷ್ಟೇ. ಮಗ ತಾಯಿಯ ಜೊತೆ ಮಾತಾಡಬೇಕಾದರೆ ಹೆಂಡತಿಯ ಮುಖ ನೋಡಿ ಆಡುತ್ತಿದ್ದ. "ಅವರಿಗೆ ಹೇಳು, ಇವತ್ತಿಗೆ ಇಪ್ಪತ್ತೊಂಬತ್ತು ದಿನ ಉಳೀತು ಅಂತ." ಮರುದಿನ, "ಇಪ್ಪತ್ತೆಂಟು ಅಂತ ಹೇಳು." ನಡುವೆ ಮೆರ್ಲಿ. ಗಂಡನ ಕಡೆ ಆಡಿದರೆ ಅತ್ತೆಗೆ ನೋವು, ಅತ್ತೆಯ ಕಡೆ ಆಡಿದರೆ ಗಂಡ ಸಿಡಿಯುತ್ತಾನೆ. ಅತ್ತ ದರಿ, ಇತ್ತ ಪುಲಿ.

ಆಗಸ್ಟ್ ಮೊದಲ ಶನಿವಾರ ಅತ್ತೆ ಸೊಸೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಬಿಸಿಲಿದ್ದರೂ ಗಾಳಿ ಕೊರೆಯುತ್ತಿತ್ತು.

"ನಾನಾಂಗ್, ಒಂದು ಮಾತು ಕೇಳ್ತೀನಿ, ಬೈಬೇಡಿ" ಎಂದಳು ಮೆರ್ಲಿ. "ಆ ಹೊದಿಕೇನೇ ಯಾಕೆ ಕೊಟ್ರಿ? ಬರೀ ಪಾನ್ಸಿತ್ ಸಾಲ್ತಿರಲಿಲ್ವಾ?"

ಅಪೊಂಗ್ ನೆಸ್ತೊರನ ಅಂಗಿಯನ್ನು ಜೋರಾಗಿ ಕೊಡವಿದಳು. "ಎರಡು ವರ್ಷದ ಹಿಂದೆ ಅವನ ಅಂಗೈ ಸೀಳಿತ್ತಲ್ಲ. ನೀನು ಕೆಲಸದ ತರಬೇತಿ ಅಂತ ಬೇರೆ ಊರಲ್ಲಿದ್ದೆ."

"ಹೌದು."

"ಆಯಮ್ಮ ತನ್ನ ಕಾರಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೋದಳು. ಇವನು ನನಗೆ ವಿಡಿಯೊ ಫೋನ್ ಹಚ್ಚಿದ, ಬಲಗೈ ಮೇಲೆತ್ತಿ ಕೂತಿದ್ದ. ಪಕ್ಕದಲ್ಲಿ ಅವಳು. ಇವನ ರಕ್ತದ ಬೂಟು ತನ್ನ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು ಕಣೇ, ಯಾರೂ ಕದೀಬಾರದು ಅಂತ. ಆಫೀಸಿನ ದೊಡ್ಡ ಹೆಂಗಸು. ಕಾಯಿಸಿ ಕಾಯಿಸಿ ಸಂಜೆ ಆದರೂ ಎದ್ದು ಹೋಗಲಿಲ್ಲ. ಅವತ್ತೇ ಅಂದುಕೊಂಡೆ, ನನ್ನ ಮಗ್ಗದ ಬಟ್ಟೆ ಇವಳ ಮೈಮೇಲೆ ಬೀಳಬೇಕು ಅಂತ."

ಮೆರ್ಲಿಯ ಕೈಯಲ್ಲಿದ್ದ ಕ್ಲಿಪ್ಪು ಹಾಗೇ ನಿಂತಿತು. "ಹಾಗಾದ್ರೆ ವೀಸಾ ಬರದೆ ಹೋದ್ರೂ ಕೊಡ್ತಿದ್ರಾ?"

"ಬರೋದಕ್ಕೂ ಬರದೆ ಹೋಗೋದಕ್ಕೂ ಅವಳೇನು ದೇವರಾ? ಬರದೆ ಹೋದ್ರೂ ಕೊಡ್ತಿದ್ದೆ. ವೀಸಾ ಕೆಲಸಾನೂ ಮಾಡ್ತಿದಾಳೆ ಅಂತ ಗೊತ್ತಾಯ್ತಲ್ಲ, ಅದಕ್ಕೆ ಆ ಮಾತು ಚೀಟೀಲಿ ಬರೆಸಿದೆ."

"ಅಯ್ಯೋ, ಇದನ್ನೇ ಬರೀರಿ ನಾನಾಂಗ್! ಅವರು ಕೇಳ್ತಿರೋದು ಇದನ್ನೇ."

"ಅವರು ಕೇಳಿದ್ದು ಸಂಬಂಧ ಇಲ್ಲ ಅಂತ ಬರೆಯೋಕೆ."

"ಅದು ಅವರ ಮಾತು. ನಿಮ್ಮ ಮಾತು ನೀವು ಬರೀರಿ."

ಅವತ್ತೇ ಮಧ್ಯಾಹ್ನ ಅಪೊಂಗ್ ಹೇಳಿದಳು, ರಿಕಾಮೇ ಬರೆದಳು. ಬೂಟಿನ ವಿಷಯ, ಆಸ್ಪತ್ರೆಯ ವಿಷಯ, ಬರದೆ ಹೋದರೂ ಕೊಡುತ್ತಿದ್ದೆ ಎಂಬ ಮಾತು. ಮೊಮ್ಮಗಳು ಒಂದು ಕಡೆ ಸ್ವಲ್ಪ ನಯವಾಗಿ ತಿದ್ದಲು ಹೋದಾಗ, "ನೀನು ತಿದ್ದಬೇಡ, ಒಂದು ಸಲ ನೀನು ಬರೆದದ್ದು ಸಾಕಾಗಿದೆ" ಎಂದಳು. ಎಷ್ಟೋ ದಿನದ ಮೇಲೆ ಆ ಮೇಜಿನಲ್ಲಿ ಇಬ್ಬರು ನಕ್ಕರು. ಕೊನೆಗೆ ಮುದುಕಿ ಅಕ್ಷರಕ್ಕೆ ಅಕ್ಷರ ಜೋಡಿಸಿ ತನ್ನ ಪೂರ್ತಿ ಹೆಸರು ಬರೆದಳು.

*

ಹೇಳಿಕೆ ಸಿಡ್ನಿಗೆ ಹೋಯಿತು. ಅಲ್ಲಿ ವಕೀಲರ ಮೇಜಿನಲ್ಲಿ ಮಲಗಿತು. ನೆಸ್ತೊರ್ ದಿನಾ ಮಧ್ಯಾಹ್ನದ ಬಿಡುವಿನಲ್ಲಿ ಏಪ್ರನ್ ಬಿಚ್ಚಿಟ್ಟು ಕಚೇರಿಯ ಬಾಗಿಲಿಗೆ ಹೋಗುತ್ತಿದ್ದ. "ಆ ಫೈಲು ಈಗ ನನ್ನ ಕೈಲಿಲ್ಲ ನೆಸ್ತೊರ್, ನಾನೂ ದಿನಾ ಫೋನ್ ಮಾಡ್ತಿದೀನಿ" ಎನ್ನುತ್ತಿದ್ದಳು ಜಾನೆಟ್. ಮೊದಲಿನ ಹಾಗೆ "ಕೂತ್ಕೋ" ಎನ್ನುತ್ತಿರಲಿಲ್ಲ. ಅವಳಿಗೂ ಹೆದರಿಕೆ ಇತ್ತೋ ಏನೋ.

ಇಪ್ಪತ್ತೆರಡನೇ ತಾರೀಕು ಶುಕ್ರವಾರ. ನೆಸ್ತೊರ್ ಮೂರಕ್ಕೇ ಮನೆಗೆ ಬಂದು ಫೋನನ್ನು ಮೇಜಿನ ನಡುವೆ ಇಟ್ಟು ಕೂತ. ಯಾರೂ ಟಿವಿ ಹಾಕಲಿಲ್ಲ. ಐದಕ್ಕೆ ಕಾಲು ಗಂಟೆ ಇರುವಾಗ ಅದು ರಿಂಗಾಯಿತು.

"ಹೇಳಿಕೆ ಸರಿಯಿದೆ ಅಂದಿದಾರೆ" ಎಂದಳು ಜಾನೆಟ್. "ತಪ್ಪಿಲ್ಲ ಅಂತಲೂ ಒಪ್ಪಿದಾರೆ. ಆದರೆ ಒಪ್ಪಿಗೆಗೆ ಸಹಿ ಹಾಕಬೇಕಾದವರು ಸೋಮವಾರ ಬರ್ತಾರಂತೆ. ನಾನು ಎಷ್ಟು ಕೇಳಿಕೊಂಡೆ... ನನ್ನನ್ನ ಕ್ಷಮಿಸು."

ಸೋಮವಾರಕ್ಕೆ ಅವನಿಗೆ ನಲವತ್ತೈದು ತುಂಬಿ ಎರಡು ದಿನ ಆಗಿರುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮರುದಿನ ಹುಟ್ಟುಹಬ್ಬ. ಹುಟ್ಟುಹಬ್ಬದ ದಿನ ಪಾನ್ಸಿತ್ ತಿನ್ನದಿದ್ದರೆ ಆಯಸ್ಸಿಗೆ ಕೇಡು ಎಂದು ಮೆರ್ಲಿಯೇ ಮಾಡಿದಳು. ಒಂದು ತಿಂಗಳಾದ ಮೇಲೆ ನಾಲ್ವರೂ ಒಂದೇ ಮೇಜಿಗೆ ಕೂತರು.

"ಬರದೆ ಹೋದ್ರೂ ಕೊಡ್ತಿದ್ದೆ ಅಂತ ಬರೆಸಿದ್ಯಲ್ಲ" ಎಂದ ನೆಸ್ತೊರ್. ತಿಂಗಳ ಮೇಲೆ ತಾಯಿಯ ಮುಖ ನೋಡಿ ಆಡಿದ ಮೊದಲ ಮಾತು ಅದು. "ಬರಲಿಲ್ಲ ನೋಡು. ಈಗ ಕೊಡ್ತೀಯಾ?"

"ನೆಸ್ತೊರ್" ಎಂದಳು ಮೆರ್ಲಿ.

"ಕೇಳಲಿ ಬಿಡು" ಎಂದಳು ಅಪೊಂಗ್. "ನಿನಗೆ ಕೆಟ್ಟದ್ದಾಗಿದೆ, ನನ್ನ ಕೈಯಿಂದ ಆಗಿದೆ. ನೀನು ಅನ್ನದೆ ಇನ್ಯಾರು ಅಂತಾರೆ? ಬುಧವಾರ ನನ್ನ ವಿಮಾನ. ನಾಳೆ ನನ್ನನ್ನ ಆಯಮ್ಮನ ಮನೆಗೆ ಬಿಡಿ."

ನೆಸ್ತೊರ್ ಅವಳನ್ನೇ ದಿಟ್ಟಿಸಿದ. ಅವನ ಮಾತು ಅವನಿಗೇ ತಿರುಗಿ ಬಿದ್ದಿತ್ತು.

ಆಗ ಮೆರ್ಲಿ ಚಮಚ ಕೆಳಗಿಟ್ಟು, ಒಂದು ವರ್ಷದಿಂದ ನುಂಗಿಕೊಂಡಿದ್ದನ್ನು ಹೇಳಿದಳು. "ನಮ್ಮ ವೃದ್ಧಾಶ್ರಮದವರು ಹೋದ ವರ್ಷವೇ ಕೇಳಿದ್ರು, ನನ್ನ ಹೆಸರಲ್ಲೇ ವೀಸಾ ಮಾಡಿಸೋಣ್ವಾ ಅಂತ. ನಿನ್ನದು ನಡೀತಿದೆ ಅಂತ ಸುಮ್ಮನಿದ್ದೆ. ನನಗೆ ಮೂವತ್ತೊಂಬತ್ತು. ಮತ್ತೆ ಮೊದಲಿಂದ ಶುರು, ಎರಡೂವರೆ ಮೂರು ವರ್ಷ ಹಿಡಿಯುತ್ತೆ. ಅರ್ಜೀಲಿ ನನ್ನ ಹೆಸರು ಮೇಲೆ, ನಿನ್ನದು ಕೆಳಗೆ."

"ಅಂದ್ರೆ ನಾನು ನಿನ್ನ ಬಾಲ."

"ನಾಲ್ಕು ವರ್ಷ ನಾನು ನಿನ್ನ ಬಾಲ ಆಗಿರಲಿಲ್ವಾ? ನನಗೇನು ಕೊಂಬು ಮುರಿದು ಹೋಯ್ತಾ?"

ರಿಕಾಮೇ ಬೆರಳು ಮಡಚಿ ಎಣಿಸಿದಳು. "ಆಗ ನನಗೆ ಇಪ್ಪತ್ತೆರಡು" ಎಂದಳು ಮೆಲ್ಲಗೆ. "ಇಪ್ಪತ್ಮೂರರ ಒಳಗಿದ್ರೆ ನನ್ನನ್ನೂ ಸೇರಿಸಬಹುದು. ಕಾಲೇಜು ಅಲ್ಲೀವರೆಗೆ ಕಾಯುತ್ತೆ."

ಯಾರೂ ಅವಳ ಮುಖ ನೋಡಲಿಲ್ಲ.

*

ಭಾನುವಾರ ಬೆಳಿಗ್ಗೆ ಅಪೊಂಗ್ ಒಲೆಯ ಹತ್ತಿರ ಬಂದಳು. ಪಾನ್ಸಿತ್ ಮಾಡಿದಳು, ಅದೇ ಗಾಜಿನ ಪಾತ್ರೆಗೆ ತುಂಬಿದಳು, ಹೊದಿಕೆಯನ್ನು ಈ ಸಲ ಎಲ್ಲರಿಗೂ ಕಾಣುವ ಹಾಗೆ ತೋಳಿನ ಮೇಲೆ ಹಾಕಿಕೊಂಡಳು. ನೆಸ್ತೊರ್ ಏಳಲಿಲ್ಲ. ಮೆರ್ಲಿ ಕಾರು ತೆಗೆದಳು. ನಿಜ ಹೇಳಬೇಕೆಂದರೆ ಅವಳಿಗೂ ಮನಸ್ಸಿರಲಿಲ್ಲ. ಆ ಹೆಂಗಸು ಒಂದು ಚೀಟಿಯನ್ನು ಕಸದ ಬುಟ್ಟಿಗೆ ಹಾಕಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು.

ಬಾಗಿಲು ತೆರೆದ ಜಾನೆಟ್ ಹೊದಿಕೆ ನೋಡಿದೊಡನೆ ಒಂದು ಹೆಜ್ಜೆ ಹಿಂದೆ ಸರಿದಳು. "ದಯವಿಟ್ಟು ಬೇಡ ಮೆರ್ಲಿ, ನಾನು ಇದನ್ನ ತಗೊಳ್ಳೋ ಹಾಗಿಲ್ಲ."

"ಏನಂತೆ?" ಎಂದಳು ಅಪೊಂಗ್. ಮೆರ್ಲಿ ಹೇಳಿದಳು.

"ಅವಳಿಗೆ ಹೇಳು. ಈಗ ಕಾಗದವೂ ಇಲ್ಲ, ಅರ್ಜಿಯೂ ಇಲ್ಲ. ಅವಳಿಂದ ನಮಗೆ ಆಗಬೇಕಾದ್ದು ಏನೂ ಇಲ್ಲ. ಇನ್ನು ಯಾವ ವಕೀಲನೂ ಬಾಯಿ ಹಾಕೋ ಹಾಗಿಲ್ಲ. ಬೂಟು ಮಡಿಲಲ್ಲಿ ಇಟ್ಕೊಂಡಿದ್ದಕ್ಕೆ ಇದು. ಹಾಗೇ ಹೇಳು."

ಮೆರ್ಲಿ ಹಾಗೇ ಹೇಳಿದಳು.

ಜಾನೆಟ್ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ನಾನು ತಿಳಿಸದೆ ಇರಬಹುದಿತ್ತು" ಎಂದಳು. "ಈ ಒಂದು ತಿಂಗಳು ನನಗೂ ನಿದ್ದೆ ಬಂದಿಲ್ಲ."

ಅದನ್ನು ಕೇಳಿಸಿಕೊಂಡು ಅಪೊಂಗ್ ತಲೆಯಾಡಿಸಿದಳು. "ಅವಳು ಸುಳ್ಳು ಬರೀಲಿಲ್ಲ, ನಾನೂ ಬರೀಲಿಲ್ಲ. ಇಬ್ಬರೂ ಸೇರಿ ಆ ಹುಡುಗನಿಗೆ ಕಷ್ಟ ತಂದ್ವಿ" ಎಂದು ಮುಂದೆ ಹೋಗಿ ಹೊದಿಕೆಯನ್ನು ಅವಳ ಹೆಗಲಿಗೆ ಹಾಕಿದಳು. ತುದಿಯ ಸುಕ್ಕನ್ನು ಅಂಗೈಯಲ್ಲಿ ಎಳೆದು ಸರಿಮಾಡಿದಳು. ಜಾನೆಟ್ ಅಳತೊಡಗಿದಳು.

ಆಮೇಲೆ ಒಳಗೆ ಹೋಗಿ ಶ್ಯಾವಿಗೆಯನ್ನು ತನ್ನ ಪಾತ್ರೆಗೆ ಸುರಿದುಕೊಂಡು, ಗಾಜಿನ ಪಾತ್ರೆ ತೊಳೆದು ತಂದಳು. ಕೊಡಲು ಕೈ ಚಾಚಿದವಳು ಅಪೊಂಗಳ ಮುಖ ನೋಡಿ ತಡೆದಳು. ಏನು ಹೊಳೆಯಿತೋ, "ಒಂದೇ ನಿಮಿಷ" ಎಂದು ಹೊದಿಕೆ ಹೊದ್ದುಕೊಂಡೇ ಹಿತ್ತಲಿಗೆ ಹೋದಳು. ಅಲ್ಲಿ ಬೇಲಿಯ ಮೇಲೆ ಬಾಗಿದ್ದ ನಿಂಬೆ ಗಿಡದಿಂದ ಎರಡೂ ಕೈಯಲ್ಲಿ ಕಿತ್ತು ಪಾತ್ರೆಯ ಅಂಚಿನವರೆಗೆ ತುಂಬಿದಳು. ಮೆರ್ಲಿ ಬಾಯಿ ಬಿಟ್ಟು ಏನನ್ನೂ ಹೇಳಿರಲಿಲ್ಲ.

ದಾರಿಯುದ್ದಕ್ಕೂ ಅಪೊಂಗ್ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಮನೆಯಲ್ಲಿ ನೆಸ್ತೊರ್ ಮೀನು ಕರಿದು, ನಾಲ್ಕು ತಟ್ಟೆ ಹಾಕಿ ಕಾಯುತ್ತಿದ್ದ. ತಾಯಿಯ ಬರಿದಾದ ತೋಳನ್ನು ನೋಡಿದ, ಪಾತ್ರೆಯನ್ನು ನೋಡಿದ.

"ತಗೊಂಡ್ರಾ?"

"ತಗೊಂಡ್ರು" ಎಂದಳು ಮೆರ್ಲಿ.

ಅವನು ಒಂದು ನಿಂಬೆಹಣ್ಣು ತೆಗೆದು ಮೂಸಿದ. ಎರಡು ಹೋಳು ಮಾಡಿ, ಮಡಚಲು ಬಾರದ ಬೆರಳುಗಳಲ್ಲಿ ಪ್ರಯಾಸಪಟ್ಟು ಒಂದು ಬಟ್ಟಲಿಗೆ ಹಿಂಡಿದ. ನಂಜಿಕೊಳ್ಳಲು ಅದಕ್ಕೆ ಮೀನಿನ ಉಪ್ಪುರಸ ಬೆರೆಸಿ, ಬಟ್ಟಲನ್ನು ತಾಯಿಯ ತಟ್ಟೆಯ ಪಕ್ಕಕ್ಕೆ ಸರಿಸಿದ.

"ಹುಳಿ ಸಾಕಾ ನೋಡು, ನಾನಾಂಗ್."

ಅಪೊಂಗ್ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು.

"ಸಾಕು" ಎಂದಳು. "ಎಲ್ಲರೂ ಕೂತ್ಕೊಳ್ಳಿ, ಅನ್ನ ಆರ್ತಿದೆ."